ಬುತ್ತಿ ತಂದವರಿಗೆ ಒಳಗೆ ಜಾಗ

ಮಸಿನಗುಡಿ
೧೪-೨-೨೦೦೩

ಯಜಮಾನರಿಗೆ ವೀಣಾ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಷ್ಟು ಸಾಕು. ಮುಂದಿನದೆಲ್ಲ ಕೋಪದಲ್ಲೇ ಬರೆಯುತ್ತಿದ್ದೇನೆ, ಹಾಗೇ ಓದಿಕೊಳ್ಳಿ.

ನಿನ್ನೆ ನೀವು ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಕರೆಸಿದ್ದು ನನ್ನನ್ನಲ್ಲ, ನಿಮ್ಮ ಅಣ್ಣನನ್ನು. ಭಾವ ನೆಟ್ಟಗೆ ಬಂದು ಗಿರಾಕಿಗಳ ಎದುರಿಗೇ ನಿಮ್ಮ ಅಪ್ಪಣೆ ಹೇಳಿದರು. ಹಾಡಿಯ ಕೇತಿ, ಅವಳ ಗಂಡ ಜಡಯ, ಕಾಡಿನ ಕೂಲಿಯವರು ಯಾರೂ ನಮ್ಮ ಟೀ ಅಂಗಡಿಯೊಳಗೆ ಕೂರಕೂಡದಂತೆ. ಕೂರಿಸಿದರೆ ಸೋಮವಾರ ನಾನು ಅಂಗಡಿಯ ಬೀಗದ ಕೈ ಭಾವನಿಗೆ ಒಪ್ಪಿಸಬೇಕಂತೆ. ನೀವು ಹೋದಂದಿನಿಂದ ಒಲೆ ಹಚ್ಚುವವಳು ನಾನು, ಲೋಟ ತೊಳೆಯುವವಳು ನಾನು. ಬೀಗದ ಕೈ ಮಾತ್ರ ಭಾವನದೇ?

ಇದನ್ನೆಲ್ಲ ಶುರು ಮಾಡಿದವರು ಯಾರು? ನೀವೇ. ಬೊಕ್ಕಾಪುರಂ ರೆಸಾರ್ಟಿಗೆ ಬಂದಿದ್ದ ಇಟಲಿಯ ದಂಪತಿ ನಿಮ್ಮ ಕೈರುಚಿ ಮೆಚ್ಚಿ ತಮ್ಮ ಮನೆ ಅಡುಗೆಗೆಂದು ಕರೆದುಕೊಂಡು ಹೋದರಲ್ಲ, ದೀಪಾವಳಿಗೆ ಅಲ್ಲಿಂದ ಎಂಥ ಕಾಗದ ಬರೆದಿದ್ದಿರಿ! ರೋಮ್ ಪಕ್ಕದ ಗುಡ್ಡದೂರಿನಲ್ಲಿ ಅವರ ಮುತ್ತಾತನ ಕಾಲದ ವೈನ್ ಅಂಗಡಿ, ಬಂಡೆ ಕೊರೆದ ನೆಲಮಾಳಿಗೆಯಲ್ಲಿ ಪೀಪಾಯಿಗಳು. ಅಲ್ಲಿ ಮಾರುವುದು ವೈನ್ ಮಾತ್ರ, ಊಟ ಬಂದವರೇ ತರಬೇಕು. ಹೊಸ ವೈನ್ ಬಂದರೆ ಬಾಗಿಲಿಗೆ ಹಸಿರು ಕೊಂಬೆ ಕಟ್ಟುತ್ತಾರೆ. ಕಲ್ಲು ಒಡೆಯುವವನು, ವಕೀಲ, ಪಾದ್ರಿ ಎಲ್ಲ ಒಂದೇ ಉದ್ದ ಮೇಜಿಗೆ ಕೂತು ಬ್ರೆಡ್ಡು, ಚೀಸು, ಬೇಯಿಸಿದ ಅವರೆಕಾಳು ಬಿಚ್ಚಿಟ್ಟು ಪಕ್ಕದವರಿಗೂ ಕೊಡುತ್ತಾರೆ. ನೀವೂ ಅವರ ನಡುವೆ ಕೂತು ಉಣ್ಣುತ್ತೀರಿ, ನೀನು ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ, ನಮ್ಮೂರೂ ಹೀಗಿರಬೇಕಿತ್ತು ಎಂದು ಬರೆದಿದ್ದಿರಿ. ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ನಾನು ದಡ್ಡಿ, ಬರೆದದ್ದನ್ನು ನಂಬಿದೆ.

ಕೇತಿಯವರು ಕಾಡಿಗೆ ಬೆಂಕಿ ಬೀಳದಂತೆ ಹುಲ್ಲು ಸವರುವ ಕೂಲಿಗೆ ಹೋಗುವಾಗ ನಮ್ಮ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುವುದು, ಬೇರೆ ಇಟ್ಟ ಲೋಟದಲ್ಲಿ ಟೀ ಕುಡಿದು ತಾವೇ ತೊಳೆದಿಡುವುದು ನಿಮಗೆ ಗೊತ್ತಿದ್ದದ್ದೇ. ಆ ಲೋಟಗಳನ್ನು ಎತ್ತಿ ಗುಜರಿಗೆ ಹಾಕಿದೆ. ಬುತ್ತಿ ತಂದವರೆಲ್ಲ ಒಳಗೆ ಬೆಂಚಿನ ಮೇಲೆ ಕೂತು ಉಣ್ಣಿ ಎಂದೆ. ಕೇತಿ ಹೊಸ್ತಿಲು ದಾಟಲು ಹೆದರಿ, "ಬ್ಯಾಡಕ್ಕಾ, ಅಯ್ಯೋರ್ಗ ತಿಳುದ್ರ ಬೋಯ್ತಾರ" ಎಂದಳು. ಅಯ್ಯೋರೇ ಬರೆದಿದ್ದಾರೆ ಬಾರೇ ಎಂದು ಕೈಹಿಡಿದು ಕೂರಿಸಿದೆ. ಎಂಥ ಮಾತು ಹೇಳಿಬಿಟ್ಟೆ ನೋಡಿ!

ಕೊಂಬೆಯನ್ನೂ ಕಟ್ಟಿದೆ. ಕೈಗೆಟುಕಿದ್ದು ಬೇವು. ಬಾಗಿಲಲ್ಲಿ ಬೇವು ಕಂಡು ಮನೆಯಲ್ಲಿ ಯಾರಿಗೋ ಸೀತಾಳೆ ಸಿಡುಬು ಎದ್ದಿದೆ ಎಂದುಕೊಂಡು ಊರಿಗೆ ಊರೇ ಅಂಗಡಿಯತ್ತ ತಲೆ ಹಾಕಲಿಲ್ಲ. ಮಾರಿಗುಡಿಯ ಪೂಜಾರಿ ಅರಿಶಿನದ ನೀರು ಹಿಡಿದು ಬಂದು, ಮಲಗಿರುವವರು ಯಾರು ಎಂದು ಕೇಳಿದ. ಆಮೇಲೆ ಬೇವು ಕಿತ್ತು ನೇರಳೆ ಕೊಂಬೆ ಕಟ್ಟಿದೆ. ನಗು ಬಂದರೆ ನಗಿ, ಆದರೆ ಈ ಕಾಗದ ಮುಗಿಯುವವರೆಗೆ ನಾನು ನಗುವವಳಲ್ಲ.

ಕೆಲವು ಗಿರಾಕಿಗಳು ಬರುವುದನ್ನು ಬಿಟ್ಟರು, ನಿಜ. ಬಿಟ್ಟವರಲ್ಲಿ ಅರ್ಧ ಜನ ತಿರುಗಿ ಬಂದಿದ್ದಾರೆ, ನನ್ನ ಟೀ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಅಮ್ಮನ ಮನಸ್ಸು ನೋಯುತ್ತದೆ ಎಂದು ಭಾವನ ಹತ್ತಿರ ಹೇಳಿ ಕಳಿಸಿದ್ದೀರಿ. ಅಮ್ಮನನ್ನು ಕೇಳಿದಿರಾ? ಅತ್ತೆ ಮೊದಮೊದಲು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. ಒಂದು ದಿನ ಕೇತಿಯ ಬುತ್ತಿಯಿಂದ ಸೊಪ್ಪಿನ ವಾಸನೆ ಬಂತು. ಯಾವ ಸೊಪ್ಪೇ ಅದು ಎಂದು ಕೇಳಿದವರು, ಆಮೇಲೆ ಅಂಗೈ ಚಾಚಿದರು. ಕೇತಿಯವರು ಒಣಮೀನು ತಂದ ದಿನ ಅತ್ತೆ ಮೂಗಿಗೆ ಸೆರಗು ಹಿಡಿದು ಎದ್ದು ಹೋಗುತ್ತಾರೆ, ಮರುದಿನ ಮತ್ತೆ ಬಂದು ಕೂರುತ್ತಾರೆ. ನಿಮ್ಮ ಅಪ್ಪಣೆ ಕೇಳಿ ಅವರು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ: "ಅವ ಅಲ್ಲಿ ಪಾದ್ರಿ ಮಗ್ಗುಲ್ಗ ಕೂತ್ಕಂಡು ಉಂಡ್ರ ಕೆಡದಿಲ್ಲ, ನಾ ಇಲ್ಲಿ ಕೇತಿ ಸೊಪ್ಪ ಉಂಡ್ರ ಕೆಟ್ಟೋದ್ನಾ? ಬರಿ, ಹಂಗೇ ಬರಿ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನೀವು ಆಚಾರವನ್ನು ಕಾಗದದಲ್ಲಿ ಬರೆದು ಬದನೆಕಾಯಿಯನ್ನು ಫೋನಿನಲ್ಲಿ ಕಳಿಸಿದ್ದೀರಿ. ಸಮುದ್ರದಾಚೆ ಚೆಂದ ಕಂಡದ್ದು ಮನೆಯೊಳಗೆ ಬಂದರೆ ಮೈಲಿಗೆಯೇ? ನನಗೆ ನಾಚಿಕೆಯಾಗುತ್ತಿದೆ, ನಿಮ್ಮ ಹೆಸರು ಹೇಳಿ ಕೇತಿಯನ್ನು ಕರೆದದ್ದಕ್ಕೆ. ಇನ್ನು ನನ್ನ ಹೆಸರು ಹೇಳಿಯೇ ಕರೆಯುತ್ತೇನೆ. ಸೋಮವಾರ ಭಾವ ಬಂದರೆ ಅವರಿಗೂ ಟೀ ಕೊಡುತ್ತೇನೆ, ಬೇಕಾದರೆ ಬುತ್ತಿ ತಂದು ಕೂರಲಿ.

ಇಂತಿ, ಬೀಗದ ಕೈ ಕೊಡದಿರುವ ನಿಮ್ಮ ಹೆಂಡತಿ,
ವೀಣಾ

ವಿ.ಸೂ.: ಮೇಲಿನದನ್ನು ಅತ್ತೆಗೆ ಓದಿ ಹೇಳಿದ್ದೇನೆ. ಇದನ್ನು ಅವರು ಗುಡಿಗೆ ಹೋದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಜೊತೆ ಅಲ್ಲಿ ಕೆಲಸ ಮಾಡುವ ಜಯರಾಮನ್ ರಜೆಗೆ ಗೂಡಲೂರಿಗೆ ಬಂದವರು ಹೋದ ವಾರ ಅಂಗಡಿಗೂ ಬಂದಿದ್ದರು. ಆ ಉದ್ದ ಮೇಜಿಗೆ ನೀವು ಒಂದು ದಿನವೂ ಕೂತಿಲ್ಲವಂತೆ. ಕೆಲಸದವರಿಗೆ ಅಲ್ಲಿ ಜಾಗವಿಲ್ಲ ಎಂದು ನೀವು ಹೋದ ದಿನವೇ ಮಾಲೀಕರು ಹೇಳಿದರಂತೆ. ನೀವು ಹಿತ್ತಲ ಬಾಗಿಲಲ್ಲಿ ನಿಂತುಕೊಂಡೇ ಉಣ್ಣುತ್ತೀರಂತೆ. ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಪಕ್ಕದ ಬೆಂಚಿನಲ್ಲಿದ್ದ ಕೇತಿ ಎಲ್ಲ ಕೇಳಿಸಿಕೊಂಡಳು. ಏಳುವಾಗ ಮೆಲ್ಲಗೆ ಕೇಳಿದಳು, "ಅಯ್ಯೋರು ಊರ್ಗ ಬಂದ್ರ ನಮ್ ಜೊತ ಕೂತ್ಕಂಡು ಉಣ್ತಾರಾ ಅಕ್ಕಾ?" ಅವಳಿಗೆ ಏನೆಂದು ಹೇಳಲಿ, ನೀವೇ ಬರೆಯಿರಿ.