ಅಕ್ಕನ ಉಪವಾಸಕ್ಕೆ ನನ್ನ ಖರ್ಜೂರ

ಮಾರ್ಚ್ 3, ಸೋಮವಾರ
ರಂಜಾನಿನ ಎರಡನೇ ಉಪವಾಸ. ನನಗಿಲ್ಲ — ಗ್ಯಾಸ್ಟ್ರಿಕ್. ಡಾಕ್ಟರು ಬೇಡವೆಂದರು, ನಾನೂ ಹಟ ಮಾಡಲಿಲ್ಲ. ಸಂಜೆ ಖರ್ಜೂರ ತಿನ್ನಿಸಿ ಉಪವಾಸ ಬಿಡಿಸಿದವನಿಗೂ ಹಿಡಿದವನಷ್ಟೇ ಪ್ರತಿಫಲ ಎಂದು ಮಸೀದಿಯ ಉಸ್ತಾದರು ಹೇಳಿದ್ದಾರೆ. ಇಡೀ ಸಿದ್ದಾಪುರದಲ್ಲಿ ಈ ಒಳದಾರಿ ಹೊಳೆದದ್ದು ನನಗೊಬ್ಬನಿಗೇ! ಖರ್ಜೂರದ ಡಬ್ಬ ಹಿಡಿದು ಮಸೀದಿಗೆ ಹೋದರೆ ಪಕ್ಕದ ಮನೆಯ ಮೂಸಕುಟ್ಟಿ ಮೊದಲೇ ನಿಂತಿದ್ದ. ಎಲ್ಲರ ಬಾಯಿಗೂ ಅವನದೇ ಖರ್ಜೂರ. ಕಳ್ಳ.

ಮಾರ್ಚ್ 4
ಬೀಫಾತು ಅಕ್ಕನ ಮನೆಗೆ ಹೋದೆ. ವಿಧವೆ, ಒಬ್ಬಳೇ. ಸಕ್ಕರೆ ಕಾಯಿಲೆ, ಇನ್ಸುಲಿನ್. ಉಪವಾಸದ ಬದಲು ಮಗಳು ನಸೀಬಾ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿಸುತ್ತಿದ್ದಾಳೆ.
ನಾನೆಂದೆ, "ಸ್ವರ್ಗದಲ್ಲಿ ಉಪವಾಸ ಹಿಡಿದವರಿಗೇ ಅಂತ ಒಂದು ಬಾಗಿಲಿದೆ ಅಕ್ಕಾ. ಭಾವ ಒಳಗೆ. ನೀನು ಇನ್ಸುಲಿನ್ ಹಿಡ್ಕೊಂಡು ಹೊರಗೇ ನಿಲ್ಲು."
ಅಕ್ಕನ ಮುಖ ಸಣ್ಣದಾಯಿತು. "ಹಂಗನ್ಬೇಡ ಕಣೋ ಹಂಸ. ನಾಳೆಯಿಂದ ಹಿಡೀತೀನಿ. ನಸೀಬಾಗೆ ಹೇಳ್ಬೇಡ."
ನಾನೇಕೆ ಹೇಳಲಿ.

ಮಾರ್ಚ್ 13
ಒಂಬತ್ತು ದಿನವಾಯಿತು. ಮಸೀದಿಯ ಸಂಜೆ ಬಾಂಗಿಗೆ ಸರಿಯಾಗಿ ಅಕ್ಕನ ಬಾಯಿಗೆ ಖರ್ಜೂರ. ಇಲ್ಲಿ ಪೈಪೋಟಿಯಿಲ್ಲ, ಪ್ರತಿಫಲ ಪೂರ್ತಿ ನನ್ನದೇ. ಮೂಸಕುಟ್ಟಿ ಮಸೀದಿಯ ಗದ್ದಲದಲ್ಲಿ ಒದ್ದಾಡಲಿ. ಅಕ್ಕನ ಕೈ ನಡುಗುತ್ತಿತ್ತು. ಹಸಿವು, ಮತ್ತೇನು.

ಮಾರ್ಚ್ 17, ಸಂಜೆ
ಆರೂ ಹತ್ತಕ್ಕೇ ಹೋದೆ. ಅಕ್ಕ ಬೆವರಿ ತೊಯ್ದು ಗೋಡೆಗೊರಗಿದ್ದಳು.
"ಕಣ್ಣು ಕತ್ತಲೆ ಬರ್ತಿದೆ ಹಂಸ. ಒಂಚೂರು ಸಕ್ಕರೆ ನೀರು ಕೊಡೋ."
"ಈಗ ಕುಡಿದ್ರೆ ಇಡೀ ದಿನದ್ದು ಹಾಳು. ಇನ್ನರ್ಧ ಗಂಟೆ, ತಡ್ಕೋ."
ಮತ್ತೆ ಕೇಳಿದಳು. ನೀರಿನ ಲೋಟವನ್ನು ಕೈಗೆ ಸಿಗದಂತೆ ಕಪಾಟಿನ ಮೇಲಿಟ್ಟೆ. ತಮಾಷೆಗೆ. ಆಮೇಲೆ ಕೇಳಲಿಲ್ಲ.
ಬಾಂಗ್ ಆಯಿತು. ತುಟಿ ಬಿಡಿಸಿ ಖರ್ಜೂರ ಇಟ್ಟೆ. ನುಂಗಲಿಲ್ಲ.

ಮಾರ್ಚ್ 20
ಮೊನ್ನೆ ಅಕ್ಕನ ದಫನ್ ಆಯಿತು. ಎಲ್ಲರಿಗಿಂತ ಮೊದಲು ಮಣ್ಣು ಹಾಕಿದವನು ನಾನೇ. ಉಪವಾಸದಲ್ಲಿ ಹೋದವಳು, ಭಾಗ್ಯವಂತೆ ಎಂದರು ಜನ. ಉಸ್ತಾದರು ಮಾತ್ರ ನನ್ನನ್ನೇ ನೋಡಿದರು.
"ಕಾಯಿಲೆಯವರಿಗೆ ಅಲ್ಲಾಹನೇ ಉಪವಾಸದಿಂದ ವಿನಾಯಿತಿ ಕೊಟ್ಟಿದ್ದಾನಲ್ಲ ಹಂಸ ಕಾಕಾ. ಇವರಿಗೆ ಹಿಡಿಸಿದ್ದು ಯಾರು?"
"ಅವಳ ಹಟ ಉಸ್ತಾದ್."
ನಸೀಬಾ ಇವತ್ತೂ ಬಂದಿದ್ದಳು. "ಮಾಮಾ, ಉಮ್ಮ ಕೊನೆಗೆ ಏನಾದ್ರೂ ಕೇಳಿದ್ರಾ?"
"ಏನೂ ಇಲ್ಲ ಮಗಳೇ. ನಗ್ತಾನೇ ಇದ್ಳು."
ಒಂದೇ ಅನುಮಾನ. ಹನ್ನೆರಡು ದಿನದ ಪ್ರತಿಫಲ ನನ್ನದೇ, ಅದರಲ್ಲಿ ಮಾತಿಲ್ಲ. ಹದಿಮೂರನೆಯದು? ಖರ್ಜೂರ ಬಾಯಲ್ಲಿತ್ತು, ಗಂಟಲಿಗೆ ಇಳಿದಿರಲಿಲ್ಲ. ಅದೂ ಸಿಗುತ್ತದೋ ಇಲ್ಲವೋ... ಉಸ್ತಾದರನ್ನು ಕೇಳಿದರೆ ತಿಳಿಯುತ್ತದೆ. ಆದರೆ ಕೇಳಹೊರಟರೆ ಅವರೂ ಕೇಳುತ್ತಾರೆ — ಬಾಂಗ್ ಆದಾಗ ಅವಳಿಗೆ ಉಸಿರಿತ್ತೇ ಎಂದು.