ಹಳದಿ ಗೆರೆಯ ಆಚೆ ನಿಂತ ಡೆಲ್ಫಿಯಾಳನ್ನು ಒಳಗೆ ಬಿಡಿ

ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನನ್ನ ಅಜ್ಜ ಹೋಬರ್ಟ್ ಸಾಯುತ್ತಿದ್ದಾನೆ. ಅವನ ಹೆಂಡತಿ, ನನ್ನ ಅಜ್ಜಿ ಡೆಲ್ಫಿಯಾ, ನಿಮ್ಮ ಆವರಣದ ಹಳದಿ ಗೆರೆಯ ಆಚೆ, ರಸ್ತೆಯ ಅಂಚಿನಲ್ಲಿ ನಿಂತು ಅವನ ಕಿಟಕಿಯತ್ತ ಕೈ ಬೀಸುತ್ತಿದ್ದಾಳೆ. ಗೆರೆ ದಾಟಿದರೆ ಬಂಧಿಸಲಾಗುವುದು ಎಂದು ನೀವು ಅವಳಿಗೆ ತಿಳಿಸಿದ್ದೀರಿ. ನಿಮ್ಮ ನಿಷೇಧ ಒಂದು ವರ್ಷದ್ದು. ಅಜ್ಜನ ಬಳಿ ಒಂದು ವರ್ಷವಿಲ್ಲ, ಕೆಲವು ವಾರಗಳಿದ್ದರೆ ಹೆಚ್ಚು ಎಂದವರು ನಿಮ್ಮದೇ ವೈದ್ಯರು. ನಿಮ್ಮ ಭದ್ರತೆಯವರೂ ವೈದ್ಯರೂ ಒಮ್ಮೆ ಜೊತೆಯಲ್ಲಿ ಕೂತು ಕಾಫಿ ಕುಡಿದಿದ್ದರೆ ಈ ಪತ್ರದ ಅಗತ್ಯವೇ ಬರುತ್ತಿರಲಿಲ್ಲ.

ಎದುರು ನಿಂತು ಮಾತಾಡುವುದು ನನ್ನಿಂದ ಆಗದು. ನಿಮ್ಮ ಕಚೇರಿಯ ಬಾಗಿಲ ತನಕ ಬಂದು ಹಿಂದಿರುಗಿದ್ದೇನೆ. ಆದ್ದರಿಂದ ನಮ್ಮ ಕಣಿವೆಯ ವಾರಪತ್ರಿಕೆಯಲ್ಲಿ, ಹಳೆಯ ಟ್ರ್ಯಾಕ್ಟರುಗಳ ಜಾಹೀರಾತಿನ ಪಕ್ಕ, ಬರೆಯುತ್ತಿದ್ದೇನೆ. ಟ್ರ್ಯಾಕ್ಟರು ಹುಡುಕುತ್ತಲಾದರೂ ನಿಮ್ಮ ಕಣ್ಣು ಇತ್ತ ಹೊರಳಲಿ.

ಅಜ್ಜಿಯ ಅಪರಾಧವೇನು? ಅವಳು ನಿಮ್ಮ ಫಲಕವನ್ನು ಓದಿದಳು. ಓದಿ, ಪಾಲಿಸಿದಳು.

ಅಂದು ನೆರೆಯ ವರ್ಜಿಲ್ ತನ್ನ ಪಿಕಪ್ ಗಾಡಿಯಲ್ಲಿ ನಮ್ಮನ್ನು ನಿಮ್ಮ ಬಾಗಿಲಲ್ಲಿ ಇಳಿಸಿ ಹೋದ. ಬಾಗಿಲ ಗಾಜಿಗೆ ಅಂಟಿಸಿದ ಫಲಕದಲ್ಲಿ ಪಿಸ್ತೂಲಿನ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಅಜ್ಜಿಯ ಕೈಚೀಲದಲ್ಲಿ ಪೆಪ್ಪರ್‌ಮಿಂಟು, ಕರವಸ್ತ್ರ ಮತ್ತು ಅವಳ ತಾಯಿಯ ಕಾಲದ ಚಿಕ್ಕ ರಿವಾಲ್ವರು ಇದ್ದವು. ಪೂರ್ವ ಕೆಂಟಕಿಯ ಈ ಬೆಟ್ಟಗಳಲ್ಲಿ, ಕೋಳಿಗೂಡಿನ ಹತ್ತಿರ ನಂಜಿನ ಹಾವು ಸುತ್ತುವ ಮನೆಯ ಹೆಂಗಸಿನ ಚೀಲದಲ್ಲಿ ಅದು ಇರುವುದು ಕಾನೂನಿಗೂ ಸಮ್ಮತ, ಪಾದ್ರಿಗೂ ಸಮ್ಮತ. ಕೋಳಿಗಳ ಅಭಿಪ್ರಾಯವನ್ನು ನಾನು ಕೇಳಿಲ್ಲ.

ಅಜ್ಜಿ ಫಲಕದ ಮುಂದೆ ನಿಂತಳು. "ಸರಿ ಬಿಡು. ಅವರ ಮನೆ, ಅವರ ಮಾತು. ಬೇಡ ಅಂದ್ಮೇಲೆ ಬೇಡ," ಎಂದಳು.

"ಕಾರಲ್ಲಿ ಇಟ್ಟು ಬನ್ನಿ ಅಂತ ಕೆಳಗೆ ಬರೆದಿದಾರೆ ಅಜ್ಜಿ," ಎಂದೆ.

"ಯಾರ ಕಾರು? ವರ್ಜಿಲ್ ಇಷ್ಟೊತ್ತಿಗೆ ಸೇತುವೆ ದಾಟಿರ್ತಾನೆ. ಹೂಕುಂಡದಲ್ಲಿ ಹೂತಿಡ್ಲಾ?"

ನಿಮ್ಮ ನೀತಿ ಬರೆದವರು ಈ ಪ್ರಶ್ನೆಗೆ ಉತ್ತರ ಯೋಚಿಸಿರಲಿಲ್ಲ. ಕಾರಿಲ್ಲದವರಿಗೆ ಕಾಯಿಲೆ ಬರುವುದಿಲ್ಲ ಎಂದು ತಿಳಿದಿದ್ದರೇನೋ. ಆದರೆ ಅಜ್ಜಿಯ ಬಳಿ ಉತ್ತರವಿತ್ತು. ನಮ್ಮಲ್ಲಿ ಯಾರದೇ ಮನೆಗೆ ಹೋದರೂ ಹೊಸ್ತಿಲಲ್ಲೇ ಗುಂಡು ತೆಗೆದು, ಬಂದೂಕನ್ನು ಹಿಡಿಯ ಕಡೆಯಿಂದ ಮನೆಯೊಡತಿಯ ಕೈಗೆ ಕೊಡುವುದು ಮರ್ಯಾದೆ. ಅವಳು ಅದನ್ನು ಫ್ರಿಜ್ಜಿನ ಮೇಲೆ ಇಡುತ್ತಾಳೆ. ಹೊರಡುವಾಗ ಅದರ ಜೊತೆ ಒಂದು ತುಂಡು ಸೇಬಿನ ಪೈ ಕೂಡ ಕೊಟ್ಟು ಕಳಿಸುತ್ತಾಳೆ. ಹೀಗೆ ಕೊಡದೆ ಒಳಗೆ ಹೋಗಿ ಕೂತವನನ್ನು ನಮ್ಮ ಕಡೆ ಎರಡನೆಯ ಸಲ ಊಟಕ್ಕೆ ಕರೆಯುವುದಿಲ್ಲ.

ಅಜ್ಜಿ ಹೊರಗೇ ಗುಂಡುಗಳನ್ನು ತೆಗೆದು ಕರವಸ್ತ್ರದಲ್ಲಿ ಕಟ್ಟಿದಳು. ನಂತರ ಒಳಗೆ ಬಂದು, ಸ್ವಾಗತ ಮೇಜಿನ ಹಿಂದಿದ್ದ ಹುಡುಗಿಯ ಕಡೆಗೆ ರಿವಾಲ್ವರಿನ ಹಿಡಿ ಚಾಚಿ, "ತಗೊ ಮಗಳೇ, ಇದನ್ನ ಸ್ವಲ್ಪ ಇಟ್ಕೊಂಡಿರು. ಮುದುಕನ್ನ ನೋಡ್ಕೊಂಡು ಬರ್ತೀನಿ," ಎಂದಳು.

ಆ ಹುಡುಗಿ ದೊಡ್ಡ ನಗರದಿಂದ ಹೊಸದಾಗಿ ಬಂದವಳು. ಅವಳನ್ನು ನಾನು ದೂರುವುದಿಲ್ಲ. ಎದುರಿಗೆ ಪಿಸ್ತೂಲು ಕಂಡರೆ ನಾನೂ ಕಿರುಚುತ್ತಿದ್ದೆ. ಅವಳು ಕಿರುಚಿ ಅಪಾಯದ ಗುಂಡಿ ಒತ್ತಿದಳು. ಬಾಗಿಲುಗಳು ತಾವಾಗಿಯೇ ಮುಚ್ಚಿಕೊಂಡವು. "ಎಲ್ಲರೂ ನೆಲದ ಮೇಲೆ ಮಲಗಿ" ಎಂದು ಧ್ವನಿವರ್ಧಕ ಕೂಗಿತು. ಎಲ್ಲರೂ ಮಲಗಿದರು. ಹೇಳಿದ ಮಾತು ಕೇಳುವ ಅಜ್ಜಿಯೂ ರಿವಾಲ್ವರನ್ನು ಮೇಜಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು, ಕೈ ಮುರಿದುಕೊಂಡಿದ್ದ ಒಬ್ಬ ಗಣಿ ಕಾರ್ಮಿಕನ ಪಕ್ಕದಲ್ಲಿ ಮಲಗಿದಳು.

"ಯಾರಂತೆ ಅಮ್ಮಾ ಬಂದೂಕು ತಂದಿರೋನು?" ಎಂದು ಆತ ಪಿಸುಗುಟ್ಟಿದ.

"ನಾನೇ ಕಣಪ್ಪಾ."

"ಓ," ಎಂದ ಆತ. ತಲೆಯೆತ್ತಿ ಸುತ್ತ ನೋಡಿ, "ಹಾಗಾದ್ರೆ ನಾವ್ ಎದ್ದೇಳಬಹುದಾ?" ಎಂದ.

ಏಳುವಂತಿರಲಿಲ್ಲ. ಖಾಲಿ ರಿವಾಲ್ವರು ಮೇಜಿನ ಮೇಲೆ ಒಂಟಿಯಾಗಿ ಕೂತಿತ್ತು. ಕಾವಲುಗಾರ ಲಾನಿ ಓಡಿ ಬಂದ. ಅವನ ಸೊಂಟದಲ್ಲೂ ಒಂದು ಪಿಸ್ತೂಲಿದೆ, ಅದು ನಿಮ್ಮದಾದ್ದರಿಂದ ಫಲಕಕ್ಕೆ ಕಾಣುವುದಿಲ್ಲ. ಹೊರಗಿನವರ ಆಯುಧವನ್ನು ಆಸ್ಪತ್ರೆಯ ಯಾರೂ ಮುಟ್ಟಕೂಡದೆಂದು ನಿಮ್ಮದೇ ನಿಯಮ. ಹೀಗಾಗಿ ಅವನು ಮೇಜಿನ ಸುತ್ತ ಸುಳಿದಾಡಿದ.

"ಲಾನಿ, ನಾನೇ ಎದ್ದು ಚೀಲಕ್ಕೆ ಹಾಕ್ಕೊಳ್ಲಾ?" ಎಂದಳು ಅಜ್ಜಿ, ನೆಲದಿಂದ.

"ಅಲ್ಲಾಡಬೇಡಿ ಡೆಲ್ಫಿಯಮ್ಮಾ!"

"ನೀನು ಕೂಸಾಗಿದ್ದಾಗ ನಿನ್ನ ಬಟ್ಟೆ ಬದಲಾಯ್ಸಿದೀನಿ ಕಣೋ. ನನ್ನ ಮೇಲೆ ಕೂಗಾಡ್ತೀಯಾ?"

"ನನ್ ಕೆಲ್ಸ ಹೋಗುತ್ತೆ ಡೆಲ್ಫಿಯಮ್ಮಾ. ದಯವಿಟ್ಟು ಮಲ್ಕೊಂಡಿರಿ."

ಷೆರಿಫರ ಜನ, ಅಂದರೆ ನಮ್ಮ ಕಡೆಯ ಪೊಲೀಸರು, ಬಂದು, ರಿವಾಲ್ವರು ನೋಡಿ, ಕರವಸ್ತ್ರದ ಗಂಟು ನೋಡಿ, ಅಜ್ಜಿಯನ್ನು ಎಬ್ಬಿಸಿ ಕೂರಿಸಿದರು. ಕಾನೂನು ಮುರಿದಿಲ್ಲ ಎಂದು ಎರಡನ್ನೂ ಅವಳಿಗೇ ಹಿಂದಿರುಗಿಸಿದರು. ಕಾನೂನಿಗೆ ಸಾಕೆನಿಸಿದ್ದು ನಿಮಗೆ ಸಾಕೆನಿಸಲಿಲ್ಲ. ಖಾಸಗಿ ಜಾಗ, ನಮ್ಮ ಇಷ್ಟ ಎಂದು ಅವಳನ್ನೇ ಹೊರಹಾಕಿದಿರಿ.

ನಾನು ಬಂದೂಕಿನ ಪರವಾಗಿ ಬರೆಯುತ್ತಿಲ್ಲ. ನನ್ನ ಬಳಿ ಅದಿಲ್ಲ, ಬೇಕೂ ಇಲ್ಲ. ಆಮ್ಲಜನಕದ ಸಿಲಿಂಡರುಗಳ ನಡುವೆ, ಮಗ ಸತ್ತ ಸುದ್ದಿ ಕೇಳಿ ಬುದ್ಧಿ ಕಳೆದುಕೊಂಡ ತಂದೆಯರ ನಡುವೆ, ಅದು ಇರಕೂಡದು ಎಂಬುದು ನನಗೂ ಗೊತ್ತು, ಅಜ್ಜಿಗೂ ಗೊತ್ತು. ಮನೆ ನಿಮ್ಮದು, ನಿಯಮ ನಿಮ್ಮದು. ಆದರೆ ಚಪ್ಪಲಿ ಹೊರಗೆ ಬಿಡಿ ಎನ್ನುವ ಮನೆಯವರೂ ಬಾಗಿಲಲ್ಲಿ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಒಂದು ಬೀಗವಿರುವ ಕಬ್ಬಿಣದ ಪೆಟ್ಟಿಗೆ ಇಡಲು ಜಾಗವಿಲ್ಲದ ನಿಮ್ಮ ಬಾಗಿಲಲ್ಲಿ ಅಷ್ಟು ದೊಡ್ಡ ಪ್ಲಾಸ್ಟಿಕ್ ತಾಳೆಗಿಡಕ್ಕೆ ಹೇಗೆ ಜಾಗವಾಯಿತು?

ಇನ್ನೊಂದು ಅನುಮಾನ. ಅದೇ ಸ್ವಾಗತ ಮೇಜಿನ ಮೇಲೆ, ಅಜ್ಜಿಯ ರಿವಾಲ್ವರು ಕೂತಿದ್ದ ಜಾಗದಿಂದ ಮೊಳ ದೂರದಲ್ಲಿ, ನಿಮ್ಮ ಲಾಟರಿ ಚೀಟಿಗಳಿವೆ. ಹೊಸ ಎಕ್ಸ್‌ರೇ ಯಂತ್ರಕ್ಕಾಗಿ ಹಣ ಎತ್ತುವ ಲಾಟರಿ. ಮೊದಲ ಬಹುಮಾನ, ದೂರದರ್ಶಕ ಜೋಡಿಸಿದ ಜಿಂಕೆ ಬೇಟೆಯ ರೈಫಲ್. ಭಿತ್ತಿಚಿತ್ರದಲ್ಲಿ ಅದನ್ನು ಎತ್ತಿ ಹಿಡಿದು ನಗುತ್ತಿರುವವರು ತಾವೇ ಅಲ್ಲವೇ? ಅಜ್ಜಿ ಮೊದಲೇ ಒಂದು ಚೀಟಿ ಕೊಂಡಿದ್ದಾಳೆ. ಬಹುಮಾನ ಬಂದರೆ ಅವಳು ಎಲ್ಲಿಂದ ಪಡೆಯಬೇಕು? ಹಳದಿ ಗೆರೆಯ ಮೇಲಿಂದ ಎಸೆಯುತ್ತೀರಾ?

ಆ ಗೆರೆಯ ಮಹಿಮೆಯೇ ಬೇರೆ. ಅದರ ಆಚೆಯ ರಸ್ತೆ ಸರ್ಕಾರದ್ದು. ಅಲ್ಲಿ ಅಜ್ಜಿ ರಿವಾಲ್ವರು ಸಮೇತ ನಿಂತಿದ್ದಾಳೆ. ದಾರಿಯಲ್ಲಿ ಹೋಗುವ ಷೆರಿಫರ ಜನ ಟೋಪಿ ಮುಟ್ಟಿ ನಮಸ್ಕರಿಸುತ್ತಾರೆ. ಆಯುಧ ಹಿಡಿದು ಹೊರಗೆ ನಿಂತರೆ ಅವಳು ಗೌರವಾನ್ವಿತ ನಾಗರಿಕಳು. ಬರಿಗೈಯಲ್ಲಿ ಗಂಡನ ಮಂಚದ ಬಳಿ ಬಂದರೆ ಅಪರಾಧಿ. ಈ ನೀತಿ ಆಯುಧದಿಂದ ಆಸ್ಪತ್ರೆಯನ್ನು ಕಾಯುತ್ತಿದೆಯೋ, ಅಜ್ಜಿಯಿಂದ ಅಜ್ಜನನ್ನು ಕಾಯುತ್ತಿದೆಯೋ?

ಅಜ್ಜನ ಎದೆಯ ತುಂಬ ಕಲ್ಲಿದ್ದಲ ಧೂಳು. ಕಿವಿಯನ್ನು ಗಣಿಯ ಯಂತ್ರಗಳು ಎಂದೋ ತಿಂದುಹಾಕಿವೆ, ಫೋನಿನಲ್ಲಿ ಏನೂ ಕೇಳಿಸದು. ಅವನಿಗೆ ಉಳಿದಿರುವುದು ಕಿಟಕಿಯೊಂದೇ. ಅಜ್ಜಿ ತನ್ನ ಕೆಂಪು ಕೋಟು ಹಾಕಿಕೊಂಡು ನಿಲ್ಲುತ್ತಾಳೆ, ಕಾಣಲಿ ಎಂದು. ಅವಳು ಯಾಕೆ ಮೇಲೆ ಬರುತ್ತಿಲ್ಲವೆಂದು ನಾನು ಅವನ ಕಿವಿಯಲ್ಲಿ ಕೂಗಿ ಹೇಳಿದೆ. ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಹತ್ತಿ ದಾದಿ ಓಡಿ ಬರಬೇಕಾಯಿತು.

ಅವನ ಗಡ್ಡ ಬೆಳೆದಿದೆ. ಮದುವೆಯಾದಂದಿನಿಂದ ಪ್ರತಿ ಶನಿವಾರ ಅವನಿಗೆ ಕ್ಷೌರ ಮಾಡುತ್ತಿದ್ದವಳು ಅಜ್ಜಿ. ಗಣಿಯ ಮಸಿ ಗೆರೆಗಳಲ್ಲಿ ಸೇರಿಕೊಂಡ ಅವನ ಕೆನ್ನೆ ಅವಳ ಕೈಗಷ್ಟೇ ಒಗ್ಗಿದೆ. ದಾದಿಯೊಬ್ಬಳು ಅವನ ಕಿವಿಗೆ ಬಾಗಿ ಜೋರಾಗಿ, ಆದರೆ ಪ್ರೀತಿಯಿಂದಲೇ, "ನಾನು ಮಾಡ್ತೀನಿ ತಾತಾ," ಎಂದಳು. ಅಜ್ಜ ಆಮ್ಲಜನಕದ ಮಾಸ್ಕ್ ಸರಿಸಿ, "ಬೇಡ ಕಂದಾ. ನನ್ನವಳು ಕೆಳಗಿದ್ದಾಳೆ. ಬರ್ತಾಳೆ," ಎಂದ. ಹೊದಿಕೆಯ ಮೇಲೆ ಕೈಯಿಟ್ಟು ಕಿಟಕಿಯತ್ತ ತಿರುಗಿಕೊಂಡ.

ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಈ ಶನಿವಾರ ಬೆಳಗ್ಗೆ ಅಜ್ಜಿಯ ಮೇಲಿನ ನಿಷೇಧವನ್ನು ತೆಗೆಯಿರಿ. ರಿವಾಲ್ವರು ಮನೆಯಲ್ಲೇ, ಫ್ರಿಜ್ಜಿನ ಮೇಲೆ, ಇರುತ್ತದೆ. ಬೇಕಾದರೆ ಅವಳ ಎಡಕ್ಕೊಬ್ಬ ಬಲಕ್ಕೊಬ್ಬ ಕಾವಲುಗಾರನನ್ನು ನಿಲ್ಲಿಸಿ, ಲಾನಿಗೆ ಅವಳ ಕೈಯಲ್ಲಿ ಬೈಸಿಕೊಂಡು ಅಭ್ಯಾಸವಿದೆ. ಬಾಗಿಲಲ್ಲಿ ಒಂದು ಬೀಗದ ಪೆಟ್ಟಿಗೆ ಇಡಿಸಿ, ಮುಂದೆ ಬರುವ ಮುದುಕಿಯರಿಗಾದರೂ ಉಪಯೋಗಕ್ಕೆ ಬರಲಿ. ಅವಳ ಕೈಚೀಲದಲ್ಲಿ ಪೆಪ್ಪರ್‌ಮಿಂಟು, ಕರವಸ್ತ್ರ, ಸೋಪಿನ ಬಟ್ಟಲು ಮತ್ತು ಒಂದು ರೇಜರು ಇರುತ್ತವೆ. ರೇಜರು ನಿಮ್ಮ ನೀತಿಯಲ್ಲಿ ಆಯುಧವೋ ಅಲ್ಲವೋ, ದಯವಿಟ್ಟು ಈಗಲೇ ತಿಳಿಸಿ. ಏಕೆಂದರೆ ಬೇಡವೆಂದು ಫಲಕದಲ್ಲಿದ್ದರೆ ಅವಳು ಮರ್ಯಾದೆಯಿಂದ ಅದನ್ನೂ ಹಿಡಿಯ ಕಡೆಯಿಂದ ಆ ಹುಡುಗಿಯ ಕೈಗೆ ಚಾಚುತ್ತಾಳೆ.

ಇಂತಿ, ಮೇಲೆ ಹೋಗಿ ಅಜ್ಜನ ಮಾತನ್ನೂ ಕೆಳಗೆ ಬಂದು ಅಜ್ಜಿಯ ಮಾತನ್ನೂ ಕೂಗಿ ಹೇಳಿ ಗಂಟಲು ಕಟ್ಟಿದ, ಯಾವತ್ತೂ ದನಿಯೆತ್ತದ ಮೊಮ್ಮಗಳು,
ರೀವಾ ಕ್ರಾಬ್‌ಟ್ರೀ
(ಹಳದಿ ಗೆರೆಯ ಎರಡೂ ಕಡೆ)