ಕೋವಿಯೊಳಗಿನ ಚೆಂಡುಹೂ

ಸೆಪ್ಟೆಂಬರ್ 3, 1997, ಬುಧವಾರ

ಹೊಲಿಗೆ ಅಂಗಡಿಯಿಂದ ಬಂದು ಸ್ನಾನ. ದೀಪ. ಇವತ್ತು ಕೈಲುಮುಹೂರ್ತ – ಊರಲ್ಲಿ ಕೋವಿ ಪೂಜೆಯ ದಿನ. ಇಲ್ಲೂ ಬಿಡಲಿಲ್ಲ. ಇವರು ಕಿಟ್ ತರಿಸಿ ಗ್ಯಾರೇಜಿನಲ್ಲಿ ಕೂತು ಜೋಡಿಸಿದ ಕೇಪಿನ ಕೋವಿಯನ್ನು ಒರೆಸಿ, ದೇವರ ಮುಂದೆ ನಿಲ್ಲಿಸಿ ಗಂಧ ಹಚ್ಚಿದೆ. ನಳಿಗೆಯ ಬಾಯಿಗೆ ಕೋವಿಹೂ ಸಿಕ್ಕಿಸಬೇಕು. ಈ ಪರದೇಶದ ಕ್ಯಾರಿ ಪಟ್ಟಣದಲ್ಲಿ ಕೋವಿಹೂ ಎಲ್ಲಿಂದ? ಹಿತ್ತಲಿನ ಚೆಂಡುಹೂವನ್ನೇ ಸಿಕ್ಕಿಸಿದೆ.

ಬಾಯಿಯಿಂದ ಮಸಿ ಎಂಬ ಮದ್ದು, ಚರೆ ತುಂಬಿ, ಗಜದ ಕೋಲಲ್ಲಿ ಜಡಿದು, ಹಿಂದೆ ಕಿಡಿಗೆ ಕೇಪು ಇಡುವ ಕೋವಿ. ಗದ್ದೆ ಕಾಯುವಾಗ ಅಪ್ಪ ನನಗೆ ಕಲಿಸಿದ್ದೂ ಇಂಥದ್ದರಲ್ಲೇ. ಇವರು ಜೋಡಿಸಿ ಮುಗಿಸಿದರು, ಒಂದು ಈಡೂ ಹೊಡೆಯಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ – "ಚಂದ್ರಾ, ಈ ಕೋವಿಯಲ್ಲಿ ಒಂದು ಕಾಡುಬಾತು ಹೊಡೆದು ಸಾರು ಮಾಡ್ಬೇಕು ನೋಡು." ಜನವರಿಯಲ್ಲಿ ಹೋದರು.

ವರ್ಷ ತುಂಬುವಾಗ ಅಗೆಲು ಹಾಕಬೇಕು. ಹೋದವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಮನೆತನದ ಪದ್ಧತಿ. ಇವರ ಎಲೆಗೆ ಬಾತಿನ ಸಾರು. ಈ ಕೋವಿಯಿಂದಲೇ. ನಿಶ್ಚಯ.

ಅಕ್ಟೋಬರ್ 12, ಭಾನುವಾರ

ಶ್ಯಾಂಟಿಲಿಯಿಂದ ರತ್ನಾಕರನ ಫೋನು. ಇವರ ತಮ್ಮ. ದೇವಸ್ಥಾನದ ಕಮಿಟಿ ಸೇರಿದ ಮೇಲೆ ಮೊಟ್ಟೆಯನ್ನೂ ಬಿಟ್ಟಿದ್ದಾನೆ.

"ಅತ್ತಿಗೆ, ಅಣ್ಣನ ವರ್ಷಾಂತಿಕ ಇಲ್ಲೇ ಅರೇಂಜ್ ಮಾಡ್ತೀನಿ. ಭಟ್ರಿಗೆ ಹೇಳಿ ಆಯ್ತು. ಪ್ಯೂರ್ ವೆಜ್."

"ನಿನ್ನಣ್ಣ ಯಾವಾಗ ಪ್ಯೂರ್ ವೆಜ್ ಆದ್ರು?"

"ಸತ್ತವರ ಹೆಸರಲ್ಲಿ ಹಿಂಸೆ ಮಾಡ್ಬಾರ್ದು. ಮತ್ತೆ ಜನ ಏನಂತಾರೆ ಅತ್ತಿಗೆ? ಗಂಡ ಹೋದ ಹೆಂಗಸು ಬಂದೂಕು ಹಿಡ್ಕೊಂಡು..."

"ಬಂದೂಕಲ್ಲ, ಕೋವಿ. ಭಟ್ರು ಬೇಡ ಅಂತ ನಾನು ಹೇಳ್ಲಿಲ್ಲ ಮಾರಾಯ. ಅವರು ಪಿಂಡ ಇಡ್ಲಿ. ನಾನು ಎಲೆ ಇಡ್ತೇನೆ."

"ಎಲೆ ಇಟ್ರೆ ನಾನು ಬರಲ್ಲ."

ಫೋನು ಇಟ್ಟುಬಿಟ್ಟ. ನಾನೂ ಇಟ್ಟೆ, ಅವನಿಗಿಂತ ಜೋರಾಗಿ. ಅವನಿಗೆ ಕೇಳಿಸಲಿಕ್ಕಿಲ್ಲ. ಇರಲಿ.

ಶನಿವಾರ ಒಪ್ಪತ್ತು ಮಾಡುತ್ತೇನೆ, ದಿನಾ ದೀಪ ಹಚ್ಚುತ್ತೇನೆ. ನನ್ನ ದೇವರು ನನಗೆ ಗೊತ್ತು. ಮೀನು ತಿನ್ನುವವರ ಮನೆಗೆ ಬರಲು ಆತ ಎಂದೂ ಮುಖ ತಿರುಗಿಸಿದ್ದಿಲ್ಲ.

ನವೆಂಬರ್ 22, ಶನಿವಾರ

ವಾಲ್ಟರ್ ಹೊಲದಲ್ಲಿ ಪ್ರಾಕ್ಟೀಸು. ಇವರ ಜೊತೆ ಕೆಲಸಕ್ಕಿದ್ದವರು, ಈಗ ರಿಟೈರ್. ದೋಣಿ ಉಂಟು, ನಾಯಿ ಉಂಟು, ಕೇಪಿನ ಕೋವಿಯ ಹುಚ್ಚೂ ಉಂಟು. ಲೈಸೆನ್ಸಿಗೆ ಕ್ಲಾಸು ಮಾಡಿಸಿದ್ದೂ ಅವರೇ.

ಇವರ ಡಬ್ಬಿಯಲ್ಲಿದ್ದ ಸೀಸದ ಚರೆ ತೆಗೆದುಕೊಂಡು ಹೋಗಿದ್ದೆ. ವಾಲ್ಟರ್ ಮುಟ್ಟಲೂ ಬಿಡಲಿಲ್ಲ. ನೀರುಹಕ್ಕಿಗೆ ಸೀಸ ಕಾನೂನಿನಲ್ಲಿ ಇಲ್ಲ. ಕೆರೆಯ ತಳದಲ್ಲಿ ಬಿದ್ದ ಚರೆಯನ್ನು ಬಾತುಗಳು ಹರಳೆಂದು ನುಂಗಿ, ವಿಷವೇರಿ ಸಾಯುತ್ತವಂತೆ. ಸರಿಯಾದ ಕಾನೂನು. ಉಣ್ಣಲು ಒಂದನ್ನು ಹೊಡೆಯುವುದು ಬೇರೆ, ವಿಷ ಬಿತ್ತಿ ಬರುವುದು ಬೇರೆ. ಉಕ್ಕಿನ ಚರೆಯೂ ಬೇಡವಂತೆ, ನಳಿಗೆ ಗೀರಿಹೋಗುತ್ತದೆ. ಬಿಸ್ಮತ್ ಎಂಬ ಲೋಹದ್ದು ಕೊಟ್ಟರು. ಚರೆಯ ಮೇಲೆ ಜಡಿಯಲು ಕತ್ತದ ನಾರು ಬೇಕಲ್ಲ... ಬಾಗಿಲಿನ ಕಾಲೊರಸಿನ ತೆಂಗಿನ ನಾರು ಕಿತ್ತುಕೊಂಡು ಹೋಗಿದ್ದೆ. ವಾಲ್ಟರ್ ನಕ್ಕರು. ಕೆಲಸ ಮಾಡಿತು.

ಹೊಡೆದದ್ದೆಲ್ಲ ವಾಲ್ಟರ್ ಕೋವಿಯಲ್ಲಿ. "ನಿಮ್ಮದರಲ್ಲಿ ಒಂದು ಬರೀ ಕೇಪಾದರೂ ಸಿಡಿಸಿ ನೋಡಿ, ಮಿಸ್ ಚಂದ್ರಾ" ಎಂದರು. ಒಪ್ಪಲಿಲ್ಲ. ಇವರ ಕೋವಿಯ ಮೊದಲ ಸದ್ದು ಬಾತಿಗೇ.

ಜನವರಿ 10, 1998, ಶನಿವಾರ

ಪ್ಯಾಮ್ಲಿಕೋ ಕಡೆಯ ಜೌಗು. ಜೊಂಡಿನ ಮರೆಯಲ್ಲಿ ನಾನು, ವಾಲ್ಟರ್, ಅವರ ದೋಣಿ. ಚಳಿಗೆ ಬೆರಳು ನನ್ನದಲ್ಲ. ಸ್ವೆಟರಿನ ಒಳಗೆ ತಾಳಿ ಇಲ್ಲ, ಇವರ ವಾಚು ಉಂಟು.

ಬಾತುಗಳು ಬಂದವು. ರೆಕ್ಕೆ ಹಿಡಿದು ಇಳಿದವು – ಇಷ್ಟು ಹತ್ತಿರ. ಕುದುರೆ ಎಳೆದೆ. ಕೇಪು ಚಟ್ ಎಂದಿತು. ಅಷ್ಟೇ. ಇನ್ನೊಂದು ಕೇಪು. ಚಟ್. ಬಾತುಗಳು ಎದ್ದು ಹೋದವು.

ಅದೇ ಹೊತ್ತಿಗೆ ಬೇಟೆಯ ಕಾನೂನು ನೋಡುವ ವಾರ್ಡನ್ ದೋಣಿ. ಲೈಸೆನ್ಸು ನೋಡಿದ. ಚರೆ ಕೇಳಿದ. ಅಯಸ್ಕಾಂತಕ್ಕೆ ಅಂಟಲಿಲ್ಲ, ಉಕ್ಕಲ್ಲ ಎಂದು ಹುಬ್ಬೇರಿಸಿದ. ಇಕ್ಕಳದಲ್ಲಿ ಒತ್ತಿದ – ಸೀಸವಾದರೆ ಚಪ್ಪಟೆಯಾಗಬೇಕು, ಇದು ಪುಡಿಯಾಯಿತು. ಬಿಸ್ಮತ್. ಸರಿ ಎಂದ. ತುಂಬಿದ್ದೂ ಅದೇಯೋ ನೋಡಬೇಕು ಎಂದ.

ವಾಲ್ಟರ್ ಗಜದ ತುದಿಗೆ ತಿರುಪು ಸಿಕ್ಕಿಸಿ ಒಂದೊಂದೇ ಎಳೆದರು. ನಾರು. ಚರೆ. ಮಸಿ. ಕೊನೆಗೆ ತಳದಿಂದ ಏನೋ ಕಂದು ಉಂಡೆ... ಒಣಗಿದ ಚೆಂಡುಹೂ! ಪೂಜೆಯದ್ದು. ಒಣಗಿ ಒಳಗೆ ಬಿದ್ದಿತ್ತು, ಬೆಂಕಿ ಮಸಿಗೆ ಮುಟ್ಟದ ಹಾಗೆ ತಳಕ್ಕೆ ಕೂತಿತ್ತು.

ವಾರ್ಡನ್ ಅಂಗೈಯಲ್ಲಿಟ್ಟು, "ಮೇಡಂ, ಇದೇನು?"

"ದೇವರ ಹೂ. ನಾನ್-ಟಾಕ್ಸಿಕ್."

ವಾಲ್ಟರ್ ನಗುವುದಕ್ಕೆ ದೋಣಿ ಅಲ್ಲಾಡಿತು. ವಾರ್ಡನ್ ಹೂವನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಮನೆಗೆ ಬಂದು ಅತ್ತುಬಿಟ್ಟೆ.

ಜನವರಿ 11, ಭಾನುವಾರ

ಭಾನುವಾರ ಇಲ್ಲಿ ಬೇಟೆಗೆ ಕೋವಿ ಎತ್ತುವಂತಿಲ್ಲ, ಕಾನೂನು. ವಾರವಿಡೀ ಅಂಗಡಿ; ಬರುವ ಶನಿವಾರವೇ ಸೀಸನ್ನಿನ ಕೊನೆಯ ದಿನ. ಮರುದಿನವೇ ಅಗೆಲು.

ಹೂವಿನ ಸುದ್ದಿ ಅಟ್ಲಾಂಟಾದಲ್ಲಿ ಓದುವ ಮಗಳು ನವ್ಯಾಳಿಗೆ ಹೇಳಿದ್ದೆ, ಅವಳಿಂದ ರತ್ನಾಕರನಿಗೆ. ಬೆಳಿಗ್ಗೆಯೇ ಫೋನು.

"ನೋಡಿ ಅತ್ತಿಗೆ, ದೇವರೇ ತಡೆದಿದ್ದು. ಸೈನ್ ಇದು."

"ದೇವರಿಗೆ ಬೇಡ ಅಂತಿದ್ರೆ ಬಾತನ್ನೇ ಕಳಿಸ್ತಿರ್ಲಿಲ್ಲ. ಹೂವು ಇಟ್ಟದ್ದು ನಾನು, ತೆಗೀಲಿಕ್ಕೆ ಮರೆತದ್ದೂ ನಾನು. ನನ್ನ ಮರೆವನ್ನು ದೇವರ ತಲೆಗೆ ಕಟ್ಬೇಡ."

ಆಮೇಲೆ ನವ್ಯಾ. "ಅಮ್ಮಾ, ಚಿಕ್ಕಪ್ಪ ಸೇಸ್ ಯು ನೀಡ್ ಹೆಲ್ಪ್."

"ಹೌದು, ಗರಿ ಕೀಳ್ಲಿಕ್ಕೆ ಹೆಲ್ಪ್ ಬೇಕು. ಬಾ."

ಬಿಸಿನೀರು ಹೊಯ್ದು ನಳಿಗೆ ತೊಳೆದೆ. ಒರೆಸಿದೆ. ಗ್ಯಾರೇಜಿನಲ್ಲಿ ಬರೀ ಕೇಪು ಸಿಡಿಸಿದೆ. ನಳಿಗೆಯ ಬಾಯಿಯ ಮುಂದಿಟ್ಟ ಕಾಗದದ ಚೂರು ಹಾರಿತು. ದಾರಿ ಚೊಕ್ಕ.

ಜನವರಿ 17, ಶನಿವಾರ

ಒಪ್ಪತ್ತಿನಲ್ಲೇ ಹೋದೆ. ಬಿತ್ತು. ಹಸಿರು ಕುತ್ತಿಗೆಯ ಗಂಡು. ಒಂದೇ ಈಡು. ಹೊಗೆ ಸರಿಯುವವರೆಗೆ ಏನೂ ಕಾಣಲಿಲ್ಲ, ನಾಯಿ ನೀರಿಗೆ ಹಾರಿದ್ದು ಕೇಳಿತು. ಬಿಸಿಯಾಗಿತ್ತು ಮೈ. ತಲೆಗೆ ನೀರು ಹನಿಸಿ ಕೈ ಮುಗಿದೆ. ಇನ್ನೊಂದು ಹೊಡೆಯಬಹುದಿತ್ತು. ಬೇಡ. ಎಲೆ ಒಂದೇ.

ನವ್ಯಾ ಬಂದಿದ್ದಾಳೆ. ಮೂಗು ಮುಚ್ಚಿಕೊಂಡೇ ಗರಿ ಕಿತ್ತಳು.

ಜನವರಿ 18, ಭಾನುವಾರ, ಮಧ್ಯಾಹ್ನ

ಸಾರು, ಅಕ್ಕಿರೊಟ್ಟಿ, ಒಂದು ಲೋಟ ಬಿಯರು. ಎಲೆ ಇಟ್ಟು, ಕರೆದು, ಬಾಗಿಲು ಮುಚ್ಚಿದೆ. ಹೊರಗೆ ಮೆಟ್ಟಿಲಲ್ಲಿ ಕೂತು ಬರೆಯುತ್ತಿದ್ದೇನೆ.

ಬಾಗಿಲು ಮುಚ್ಚಿದ ಮೇಲೆ ಕಾರು ಬಂತು. ರತ್ನಾಕರ. ಕೈಯಲ್ಲಿ ಹಣ್ಣುಕಾಯಿ.

"ನಾನು ತಿನ್ನಲ್ಲ, ಈಗಲೇ ಹೇಳ್ತೀನಿ."

"ನಿನಗೆ ಯಾರು ಬಡಿಸಿದ್ರು?"

ಪಕ್ಕದಲ್ಲಿ ಕೂತ. ನವ್ಯಾ ಸರಿದು ಜಾಗ ಕೊಟ್ಟಳು. ಸಾರಿನ ಪರಿಮಳ ಬಾಗಿಲ ಸಂದಿಯಿಂದ ಬರುತ್ತಿದೆ. ಅವನು ಉಸಿರು ಜೋರಾಗಿ ಎಳೆದದ್ದು ನೋಡಿಯೂ ನೋಡಲಿಲ್ಲ.

"ಅತ್ತಿಗೆ... ಅಣ್ಣ ಖಾರ ಜಾಸ್ತಿ ತಿಂತಿದ್ದ."

"ಹಾಕಿದ್ದೇನೆ."

ಹೊತ್ತಾಯಿತು. ಒಳಗಿನವರಿಗೆ ಗೊತ್ತಾಗುವ ಹಾಗೆ ಒಮ್ಮೆ ಕೆಮ್ಮಿ ಬಾಗಿಲು ತೆರೆಯಬೇಕು. ಕೆಮ್ಮಲು ಬಾಯಿ ತೆರೆದೆ. ರತ್ನಾಕರ ಕೈ ಹಿಡಿದ – "ಅತ್ತಿಗೆ, ಇನ್ನೂ ಸ್ವಲ್ಪ ತಡೀರಿ. ಅಣ್ಣ ನಿಧಾನ ತಿನ್ನೋನು."